ಈವನ್‌ಸಾಂಗ್: ಒಂದು ಸಂಜೆಯ ಆಲಿಕೆ

ಇಂಗ್ಲೆಂಡಿನ ಸಾಲ್ಸ್‌ಬರಿ ಕೆಥೆಡ್ರಲ್‌ನಲ್ಲಿ ಒಂದು ಸಂಜೆ ಈವನ್‌ಸಾಂಗ್ ಎಂಬ ಚರ್ಚಿನ ಸಂಜೆಯ ಗಾಯನಪ್ರಾರ್ಥನೆಗೆ ಕುಳಿತಿದ್ದೆ. 1220ರಲ್ಲಿ ಅಡಿಪಾಯ ಕಂಡ ಆ ಕಲ್ಲಿನ ಕಟ್ಟಡದೊಳಗೆ ಹಾಡು ನಿಂತ ಮೇಲೂ ಕಮಾನುಗಳ ನಡುವೆ ನಾದ ಕೆಲವು ಕ್ಷಣ ಉಳಿದಿರುತ್ತಿತ್ತು.

ಸಂಜೆಯ ಎರಡು ಹಳೆಯ ಲ್ಯಾಟಿನ್ ಪ್ರಾರ್ಥನೆಗಳನ್ನು ಒಂದಾಗಿಸಿ, ಜನರ ಮಾತಾದ ಇಂಗ್ಲಿಷಿನಲ್ಲಿ ಈ ಪ್ರಾರ್ಥನೆಯಾಗಿ ರೂಪಿಸಿದವರು ಆರ್ಚ್‌ಬಿಷಪ್ ಥಾಮಸ್ ಕ್ರ್ಯಾನ್ಮರ್. ಅವರ ಪ್ರಾರ್ಥನಾ ಪುಸ್ತಕ ಬಂದದ್ದು 1549ರಲ್ಲಿ. 1640ರ ದಶಕದ ಅಂತರ್ಯುದ್ಧದ ಕಾಲದಲ್ಲಿ ನಿಂತುಹೋಗಿದ್ದ ಗಾಯನವೃಂದಗಳು 1660ರಲ್ಲಿ ಅರಸೊತ್ತಿಗೆ ಮರಳಿದ ಮೇಲೆಯೇ ಮತ್ತೆ ಕೂಡಿದವು.

ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಬೈಬಲ್‌ನ ಕೀರ್ತನೆಗಳನ್ನು ಹಾಡುವ ರೀತಿ. ವೃಂದವು ಎರಡು ಪಾಳಿಯಾಗಿ ಎದುರುಬದುರು ನಿಂತು, ಒಂದು ಬದಿ ಹಾಡಿದ ವಚನಕ್ಕೆ ಇನ್ನೊಂದು ಬದಿ ಮುಂದಿನ ವಚನದಿಂದ ಓಗೊಡುತ್ತದೆ. ಆಂಗ್ಲಿಕನ್ ಚಾಂಟ್ ಎಂಬ ಈ ಕ್ರಮದಲ್ಲಿ ರಾಗ ತೀರಾ ಚಿಕ್ಕದು. ಆದರೆ ವಚನದ ಪ್ರತಿ ಅರ್ಧದ ಮೊದಲ ಸ್ವರದ ಮೇಲೆ ಎಷ್ಟು ಮಾತುಗಳು ಬಂದರೂ ಅವನ್ನೆಲ್ಲ ಸಹಜ ಮಾತಿನ ಓಟದಲ್ಲೇ ನುಡಿದು, ಕೊನೆಯ ಕೆಲವು ಪದಗಳಿಗೆ ಮಾತ್ರ ಸ್ವರ ಬದಲಿಸುವುದರಿಂದ, ಉದ್ದದ ವಚನವೂ ಗಿಡ್ಡ ವಚನವೂ ಅದೇ ರಾಗದಲ್ಲಿ ಕೂರುತ್ತವೆ. ನಡುವೆ ಎಲ್ಲರೂ ಒಟ್ಟಿಗೆ ಉಸಿರೆಳೆದುಕೊಳ್ಳುವ ಆ ಚಿಕ್ಕ ವಿರಾಮವನ್ನು ನಾನು ಸಂಗೀತದಷ್ಟೇ ಪ್ರೀತಿಯಿಂದ ಕೇಳಿದೆ.

ಕ್ರ್ಯಾನ್ಮರ್ ಪುಸ್ತಕದ ಪರಿಷ್ಕೃತ ರೂಪವಾದ 1662ರ ಪ್ರಾರ್ಥನಾ ಪುಸ್ತಕವು 150 ಕೀರ್ತನೆಗಳನ್ನು ತಿಂಗಳ 30 ದಿನಗಳ ಬೆಳಗು ಸಂಜೆಗಳಿಗೆ ಹಂಚಿದೆ. ಹಾಗಾಗಿ ಸಂತೋಷದ ದಿನವೂ ಶೋಕದ ಕೀರ್ತನೆ ಬರಬಹುದು. ಅದನ್ನೂ ಅಷ್ಟೇ ಶ್ರದ್ಧೆಯಿಂದ ಹಾಡಬೇಕೆಂಬುದು ನನಗೆ ಬಹಳ ಸರಿಯೆನಿಸುತ್ತದೆ.