ಏಕಾದಶಿಯಂದು ದಿವೇ ಘಾಟ್ ಹತ್ತಿ

ಪಂಢರಪುರದ ವಿಠ್ಠಲನ ಬಳಿಗೆ ಕಾಲ್ನಡಿಗೆಯಲ್ಲಿ ಸಾಗುವ ಯಾತ್ರೆಯೇ ವಾರಿ. ಪುಣೆಯ ಹಡಪಸರದಲ್ಲಿ, ಸಂತರ ಪಾದುಕೆಗಳನ್ನು ಹೊತ್ತ ಎರಡು ಪಲ್ಲಕ್ಕಿಗಳ ದಾರಿ ಬೇರೆಯಾಗುತ್ತದೆ. ತುಕಾರಾಮರ ಪಲ್ಲಕ್ಕಿ ಸೊಲ್ಲಾಪುರ ರಸ್ತೆಯಲ್ಲಿ ಲೋಣಿ ಕಾಳಭೋರಿನತ್ತ ಸಾಗುತ್ತದೆ, ಜ್ಞಾನೇಶ್ವರರದ್ದು ಸಾಸವಡದತ್ತ ಹೊರಳುತ್ತದೆ. ಪುಣೆಯ ನಾವು ಕೆಲವು ಕನ್ನಡಿಗರು ನಸುಕಿನಲ್ಲೇ ಭವಾನಿ ಪೇಟೆಯಿಂದ ಹೊರಟು ಜ್ಞಾನೇಶ್ವರರ ಬೆನ್ನು ಹಿಡಿದಿದ್ದೆವು. ಸಾಸವಡಕ್ಕೆ ಸುಮಾರು 30 ಕಿಲೋಮೀಟರು. ಪಂಢರಪುರದ ವಾರಿಯಲ್ಲಿ ಒಂದೇ ದಿನಕ್ಕೆ ಇಷ್ಟು ದೂರದ ನಡಿಗೆ ಅಪರೂಪ, ಅದೂ ಏಕಾದಶಿಯ ಉಪವಾಸದಲ್ಲಿ.

ವಾರಿ ಎಂದರೆ ಮರಾಠಿಗರದ್ದು ಎಂದು ನಮ್ಮಲ್ಲಿ ಅನೇಕರು ದೂರ ನಿಲ್ಲುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಪಲ್ಲಕ್ಕಿಯ ಮುಂದೆ ಎರಡು ಕುದುರೆಗಳು ನಡೆಯುತ್ತವೆ. ಒಂದರ ಮೇಲೆ ಪತಾಕೆ ಹಿಡಿದ ಸವಾರ, ಇನ್ನೊಂದರ ಬೆನ್ನು ಬರಿದು. ಅದರ ಮೇಲೆ ಜ್ಞಾನೇಶ್ವರರೇ ಕುಳಿತಿದ್ದಾರೆಂದು ವಾರಕರಿಗಳ ನಂಬಿಕೆ. ಆ ಕುದುರೆಗಳು ಬರುವುದು ಬೆಳಗಾವಿ ಜಿಲ್ಲೆಯ ಅಂಕಲಿಯಿಂದ, ಶಿತೋಳೆ ಸರದಾರರ ಮನೆಯಿಂದ. ಅಲ್ಲಿಂದ, ಜ್ಞಾನೇಶ್ವರರ ಪಲ್ಲಕ್ಕಿ ಹೊರಡುವ ಆಳಂದಿಯವರೆಗೆ ನಡೆದೇ ಬರುತ್ತವೆ.

ವಡಕಿ ದಾಟಿದ ಮೇಲೆ ಘಾಟ್ ಶುರು. ಪಲ್ಲಕ್ಕಿ ಇರುವ ರಥಕ್ಕೆ ಹೆಚ್ಚಿನ ಎತ್ತಿನ ಜೋಡಿಗಳನ್ನು ಹೂಡುತ್ತಾರೆ. ಏರು ಹೆಚ್ಚಿದಂತೆ ತಾಳ, ಮೃದಂಗಗಳ ಸದ್ದು ಇಳಿಯಬೇಕಿತ್ತು, ಅದು ಏರುತ್ತಲೇ ಹೋಯಿತು. ಕೆಳಗೆ ಮಸ್ತಾನಿ ತಲಾವ್, ಮೇಲೆ ತಿರುವು ತಿರುವಿಗೂ ಕೇಸರಿ ಪತಾಕೆಗಳು. ನನ್ನ ಪಕ್ಕದಲ್ಲಿ ಅಥಣಿ ಕಡೆಯ ಅಜ್ಜಿಯೊಬ್ಬರು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಹಿತ್ತಾಳೆಯ ಪುಟ್ಟ ತುಳಸಿ ವೃಂದಾವನ. ಬರಿಗಾಲು, ಹಿಮ್ಮಡಿಯ ಬಿರುಕುಗಳಲ್ಲಿ ಕೆಸರು ಒಣಗಿತ್ತು. ನಮ್ಮ ಕನ್ನಡ ಕಿವಿಗೆ ಬಿದ್ದದ್ದೇ ತಡ, ವೃಂದಾವನವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಸೆರಗಿನ ಗಂಟು ಸಡಿಲಿಸಿ ಶೇಂಗಾ ಉಂಡೆ ಕೊಟ್ಟರು. "ತಿನ್ನು ತಮ್ಮಾ, ಉಪವಾಸಕ್ಕೆ ನಡೆಯುತ್ತದೆ. ನಿಂತರೆ ಕಾಲು ಸೆಟೆಯುತ್ತದೆ, ನಿಲ್ಲಬೇಡ."

ನಿಲ್ಲಲಿಲ್ಲ. ದಿಂಡಿ ಎಂದರೆ ಒಟ್ಟಾಗಿ ಭಜಿಸುತ್ತ ನಡೆಯುವ ತಂಡ. ಅದರ ಸಾಲಿನೊಳಗೆ ಒಮ್ಮೆ ಸೇರಿದರೆ ನಿಲ್ಲುವುದೇ ಕಷ್ಟ. ತಾಳದ ಲೆಕ್ಕಕ್ಕೆ ಹೆಜ್ಜೆ ತಾನಾಗಿ ಬೀಳುತ್ತದೆ. ಹಿಂದಿನವರು "ಮಾವುಲಿ, ಮಾವುಲಿ" (ತಾಯಿ, ತಾಯಿ) ಎಂದು ದಾರಿ ಕೇಳುತ್ತಾರೆ. ಪೊಲೀಸರಿಗೂ ಅದೇ ಹೆಸರು, ಚಹಾ ಹಂಚುವವರಿಗೂ ಅದೇ.

ಸಾಸವಡ ತಲುಪುವಾಗ ಕತ್ತಲಾಗಿತ್ತು. ಊರಿಡೀ ಬೀದಿಗೆ ಬಂದು ನಿಂತಿತ್ತು. ರಾತ್ರಿ ಎಲ್ಲರೂ ಸೇರುವ ಸಮಾಜ ಆರತಿಗೆ ದಿಂಡಿಗಳು ಪಲ್ಲಕ್ಕಿಯ ಸುತ್ತ ನೆರೆದವು. ಶಿಸ್ತು ನೋಡಿಕೊಳ್ಳುವ ದಂಡಧಾರಿ ಚೋಪದಾರರು ದಂಡ ಎತ್ತಿದೊಡನೆ ಎಲ್ಲ ತಾಳಗಳೂ ನಿಂತವು, ಒಂದು ಮೂಲೆಯದ್ದನ್ನು ಬಿಟ್ಟು. ದೂರು ಇರುವ ದಿಂಡಿ ಹೀಗೆ ತಾಳ ಬಾರಿಸುತ್ತಲೇ ಇರುತ್ತದೆಯಂತೆ. ಚೋಪದಾರರು ಅಲ್ಲಿಗೇ ಹೋಗಿ ವಿಚಾರಿಸಿಕೊಂಡು ಬಂದರು. ಆಮೇಲೆ ದಾರಿಯಲ್ಲಿ ಸಿಕ್ಕ ವಸ್ತುಗಳ ವಿವರ ಓದಿ ಹೇಳಿದರು, ಆರತಿಯಾಯಿತು. ಅಜ್ಜಿ ಡೇರೆಯತ್ತ ಹೊರಟವರು ತಿರುಗಿ ಹೇಳಿದರು: "ನಾಳೆ ಪಲ್ಲಕ್ಕಿ ಇಲ್ಲೇ ಇರುತ್ತದೆ. ಜ್ಞಾನೋಬನ ತಮ್ಮ ಸೋಪಾನದೇವನ ಸಮಾಧಿ ಈ ಊರಲ್ಲೇ ಇದೆ. ನೋಡದೆ ಪುಣೆಯ ಬಸ್ ಹತ್ತಬೇಡ."