ಹೊಕ್ಕುಳಿನ ಕೀವು ಮತ್ತು ಮುಚ್ಚದೆ ಉಳಿದ ನಾಳ

ದೊಡ್ಡವರ ಹೊಕ್ಕುಳಿನಲ್ಲಿ ಪದೇ ಪದೇ ಕೀವು ಒಸರಿದರೆ ಅದನ್ನು ಶುಚಿತ್ವದ ಕೊರತೆಯೆಂದು ತಳ್ಳಿಹಾಕಿ ಮುಲಾಮು ಬರೆದುಕೊಡುವ ರೂಢಿಯ ಬಗ್ಗೆ ನನಗೆ ಮೊದಲಿನಿಂದಲೂ ತಕರಾರಿದೆ; ಆ ಕೀವಿನ ಮೂಲ ಮುಚ್ಚದೆ ಉಳಿದ ನಾಳವೊಂದರಲ್ಲಿ ಇರಬಹುದು. ಭ್ರೂಣದಲ್ಲಿ ಮೂತ್ರಕೋಶದ ನೆತ್ತಿಯಿಂದ ಹೊಕ್ಕುಳಿನವರೆಗೆ ಹಾಯುವ ಯುರೇಕಸ್ ಎಂಬ ನಾಳವು ಸಾಮಾನ್ಯವಾಗಿ ಜನನದ ಹೊತ್ತಿಗೆ ಮುಚ್ಚಿ, ಬರಿಯ ನಾರಿನ ಎಳೆಯಾಗಿ ಉಳಿಯುತ್ತದೆ. ನಡುವೆ ಎಲ್ಲೋ ಮುಚ್ಚದೆ ಉಳಿದ ಭಾಗವು ದ್ರವ ತುಂಬಿದ ಚೀಲವಾಗಿ ದಶಕಗಳ ಕಾಲ ಸದ್ದಿಲ್ಲದೆ ಇದ್ದು, ಸೋಂಕು ತಗುಲಿದಾಗ ಮಾತ್ರ ಜ್ವರ, ಕೆಳಹೊಟ್ಟೆಯ ನೋವು, ಉರಿಮೂತ್ರಗಳ ಮೂಲಕ ತನ್ನ ಇರವನ್ನು ತಿಳಿಸುತ್ತದೆ.

ಅಲ್ಟ್ರಾಸೌಂಡ್‌ನಲ್ಲಿ ಸುಳಿವು ಸಿಗುತ್ತದೆ, ಸಿ.ಟಿ. ಸ್ಕ್ಯಾನ್ ವ್ಯಾಪ್ತಿಯನ್ನು ತೋರಿಸುತ್ತದೆ. ಮೂತ್ರದಲ್ಲಿ ರಕ್ತ ಕಂಡಿದ್ದರೆ ಸಿಸ್ಟೊಸ್ಕೋಪಿಯನ್ನು (ಮೂತ್ರದ ದಾರಿಯಿಂದ ಕ್ಯಾಮೆರಾ ಹಾಯಿಸಿ ಮೂತ್ರಕೋಶದ ಒಳಗನ್ನು ನೋಡುವ ಪರೀಕ್ಷೆ) ಮುಂದೂಡಬಾರದು. ಈ ಅವಶೇಷದಲ್ಲಿ ಅಪರೂಪಕ್ಕಾದರೂ ಅಡಿನೋಕಾರ್ಸಿನೋಮ ಎಂಬ ಕ್ಯಾನ್ಸರ್ ಹುಟ್ಟುವುದುಂಟು, ಮತ್ತು ಅದು ಬಹುಪಾಲು ತಡವಾಗಿಯೇ ಪತ್ತೆಯಾಗುತ್ತದೆ.

ಕೀವು ತುಂಬಿದ್ದರೆ ಮೊದಲು ಆ್ಯಂಟಿಬಯೋಟಿಕ್ ಕೊಟ್ಟು, ಅಗತ್ಯವಿದ್ದಲ್ಲಿ ಕೊಳವೆಯಿಟ್ಟು ಬಸಿದು, ಉರಿಯೂತ ಇಳಿದ ಮೇಲೆ ಶಸ್ತ್ರಕ್ರಿಯೆ ಮಾಡುವುದು ವಾಡಿಕೆ. ಬರಿದೇ ಬಸಿದು ಬಿಟ್ಟರೆ ಸೋಂಕು ಮರಳುವ ಸಾಧ್ಯತೆ ಹೆಚ್ಚು. ಆದ್ದರಿಂದ ಇಡೀ ಎಳೆಯನ್ನು, ಬೇಕಾದಲ್ಲಿ ಮೂತ್ರಕೋಶದ ನೆತ್ತಿಯ ಸಣ್ಣ ತುಣುಕಿನ ಸಮೇತ, ಈಗ ಹೆಚ್ಚಾಗಿ ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೊಸ್ಕೋಪಿಯಿಂದಲೇ ತೆಗೆದು ಬಯಾಪ್ಸಿಗೆ ಕಳುಹಿಸುತ್ತಾರೆ.