ಮೂಟೆಗಟ್ಟಲೆ ತಂದರೆ ನಿಜವಾಗಲೂ ಉಳಿಯುತ್ತಾ?

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿ ಆರು ತಿಂಗಳು ಇದ್ದು ಬಂದವರು ಹಾಸನ, ಚಿಕ್ಕಮಗಳೂರಿನಲ್ಲಿ ಈಗ ಬೀದಿಗೊಬ್ಬರು ಸಿಗುತ್ತಾರೆ. ಬಂದವರ ಬಾಯಲ್ಲಿ ಕಾಸ್ಟ್‌ಕೋ ಸುದ್ದಿ ಇದ್ದೇ ಇರುತ್ತದೆ. ಗೋದಾಮಿನಷ್ಟು ದೊಡ್ಡ ಅಂಗಡಿ, ಸೂರು ಮುಟ್ಟುವ ಕಪಾಟು, ಒಳಗೆ ಬಿಡೋಕೆ ಕಾರ್ಡು, ಹೊರಗೆ ಬಿಡೋಕೆ ಬಿಲ್ಲು. ಅದೆಲ್ಲ ಹೇಳಿ ಮುಗಿದ ಮೇಲೆ ಪ್ರಶ್ನೆ ಬರುತ್ತದೆ: "ಇಲ್ಲಿ ಅಂಥದ್ದು ಇಲ್ವಾ? ಬೆಂಗಳೂರಿನ ಹೋಲ್‌ಸೇಲ್ ಅಂಗಡಿಗೆ ಹೋಗಿ ಮೂರು ತಿಂಗಳ ದಿನಸಿ ಒಟ್ಟಿಗೆ ಹೊತ್ತು ತಂದರೆ ಲಾಭ ಅಲ್ವಾ?"

ಅಕ್ಕಿ, ಎಣ್ಣೆ, ರಾಗಿ, ಸೋಪಿಗೆ ಹೌದು. ರವೆ, ಹಿಟ್ಟು, ಬೆಲ್ಲ, ಕಾಫಿಪುಡಿಗೆ ಇಲ್ಲ. ಅದಕ್ಕೋಸ್ಕರವೇ ಬೆಂಗಳೂರಿಗೆ ಹೋಗುವುದಂತೂ ಬೇಡವೇ ಬೇಡ. ಯಾಕೆ ಅನ್ನುವುದಕ್ಕೆ ಸ್ವಲ್ಪ ಲೆಕ್ಕ, ಸ್ವಲ್ಪ ಹುಳುಗಳ ವಿಚಾರ ಹೇಳಬೇಕು.

ಮೊದಲು ಕಾರ್ಡಿನ ಮಾತು. ಈ ಬಗೆಯ ಅಂಗಡಿ ಶುರುವಾದದ್ದು 1976ರಲ್ಲಿ, ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ, ಪ್ರೈಸ್ ಕ್ಲಬ್ ಎಂಬ ಹೆಸರಲ್ಲಿ. ಅಲ್ಲೂ ಮೊದಮೊದಲು ಸಣ್ಣ ವ್ಯಾಪಾರಸ್ಥರಿಗೆ ಮಾತ್ರ ಪ್ರವೇಶವಿತ್ತು, ಮನೆಮಂದಿಗೆ ಬಾಗಿಲು ತೆರೆದದ್ದು ಆಮೇಲೆ. ಕಾಸ್ಟ್‌ಕೋ ಬಂದದ್ದು 1983ರಲ್ಲಿ, ಎರಡೂ ಒಂದಾದದ್ದು 1993ರಲ್ಲಿ. ಅಲ್ಲಿ ವರ್ಷಕ್ಕೆ 65 ಡಾಲರ್ ಕಟ್ಟಿದರೆ ಯಾರಿಗಾದರೂ ಕಾರ್ಡು ಸಿಗುತ್ತದೆ. ನಮ್ಮಲ್ಲಿ ಬರೀ ದುಡ್ಡು ಕಟ್ಟಿದರೆ ಎಲ್ಲ ಕಡೆ ಸಿಗುವುದಿಲ್ಲ. ವಿದೇಶಿ ಬಂಡವಾಳದ ಸಗಟು ಅಂಗಡಿಗಳು ವ್ಯಾಪಾರ ಮಾಡುವವರಿಗೆ ಮಾತ್ರ ಮಾರಬೇಕು ಎನ್ನುವುದು ಇಲ್ಲಿಯ ನಿಯಮ. 2003ರಲ್ಲಿ ಬೆಂಗಳೂರಿಗೆ ಬಂದ ಮೆಟ್ರೋ ಎಂಬ ವಿದೇಶಿ ಸಗಟು ಅಂಗಡಿ ಈ ನಿಯಮದಡಿಯೇ ಬಾಗಿಲು ತೆರೆಯಿತು. 2023ರಲ್ಲಿ ಅದನ್ನು ರಿಲಯನ್ಸ್ ಕೊಂಡುಕೊಂಡಿತು. ವ್ಯಾಪಾರಸ್ಥರಿಗೆ ಮಾತ್ರ ಮಾರುವ ಕಡೆ ಕಾರ್ಡು ಕೇಳಿದರೆ ಜಿಎಸ್‌ಟಿ ನೋಂದಣಿಯನ್ನೋ ಟ್ರೇಡ್ ಲೈಸೆನ್ಸನ್ನೋ ತೋರಿಸಿ ಅನ್ನುತ್ತಾರೆ.

ಆಗ ಎಲ್ಲರಿಗೂ ನೆನಪಾಗುವುದು ಅಂಗಡಿ ಇಟ್ಟಿರುವ ಭಾವ. ಭಾವನ ಕಾರ್ಡು ತಗೊಂಡು ಹೋಗುವ ಮುಂಚೆ ಒಂದು ವಿಷಯ ಗೊತ್ತಿರಲಿ. ಬಿಲ್ಲು ಅವರ ಜಿಎಸ್‌ಟಿ ನಂಬರಿಗೆ ಆಗುತ್ತದೆ, ಆ ತಿಂಗಳ ಅವರ ಜಿಎಸ್‌ಟಿಆರ್-2ಬಿಯಲ್ಲಿ, ಅಂದರೆ ಅವರ ಖರೀದಿ ಬಿಲ್ಲುಗಳ ಜಿಎಸ್‌ಟಿ ಪಟ್ಟಿಯಲ್ಲಿ, ನಿಮ್ಮ ಮನೆಯ ಟೂತ್‌ಪೇಸ್ಟು, ಮಿಕ್ಸಿಯ ಬಿಲ್ಲೂ ಬಂದು ಕೂರುತ್ತದೆ. ಅವರ ಆಡಿಟರ್ ಗಮನಿಸದೆ ಅದಕ್ಕೂ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಯ ವಜಾ) ತೆಗೆದುಕೊಂಡರೆ ಅದು ತಪ್ಪು ಲೆಕ್ಕ. ನೋಟಿಸು ಬಂದರೆ ಬರುವುದು ಭಾವನಿಗೆ. ಮಿಕ್ಸಿ ಕೆಟ್ಟು ವಾರಂಟಿ ಕೇಳಹೋದಾಗ ಬಿಲ್ಲಿನಲ್ಲಿ ನಿಮ್ಮ ಹೆಸರೂ ಇರುವುದಿಲ್ಲ.

ದಾರಿ ಖರ್ಚು ನೋಡಿ. ಹಾಸನದಿಂದ ಬೆಂಗಳೂರಿನ ಯಶವಂತಪುರಕ್ಕೆ ಹತ್ತಿರಹತ್ತಿರ 180 ಕಿಲೋಮೀಟರ್. ಹೋಗಿ ಬಂದರೆ 360. ಲೀಟರಿಗೆ 18 ಕಿಲೋಮೀಟರ್ ಕೊಡುವ ಕಾರಾದರೂ 20 ಲೀಟರ್ ಪೆಟ್ರೋಲ್ ಬೇಕು, ಅಲ್ಲಿಗೆ 2,000 ರೂಪಾಯಿ ದಾಟಿತು. ಟೋಲು, ಊಟ ಬೇರೆ. ಚಿಕ್ಕಮಗಳೂರಿನಿಂದ ಹೊರಟರೆ ಇನ್ನೂ 60 ಕಿಲೋಮೀಟರ್ ಆಚೆಗೂ ಈಚೆಗೂ ಸೇರಿಸಿ. ಸಗಟಿನಲ್ಲಿ ನೂರಕ್ಕೆ 8 ರೂಪಾಯಿ ಉಳಿಯಿತು ಅಂದುಕೊಂಡರೂ, ಪೆಟ್ರೋಲಿನ ದುಡ್ಡು ವಾಪಸು ಬರುವುದಕ್ಕೇ 25,000 ರೂಪಾಯಿಯ ಸಾಮಾನು ತುಂಬಬೇಕು. ಮಗಳನ್ನು ಏರ್‌ಪೋರ್ಟಿಗೆ ಬಿಟ್ಟು ಖಾಲಿ ಡಿಕ್ಕಿಯಲ್ಲಿ ವಾಪಸು ಬರುವವರಿಗೆ ಮಾತ್ರ ಈ ಲೆಕ್ಕ ಬೇರೆ.

ಖುಷಿ ಇಲ್ಲವೇ ಅಂದರೆ, ಇದೆ. ಹತ್ತು ಬಗೆ ಅಕ್ಕಿಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. 5 ಕೆಜಿ ಹುರಿಗಡಲೆ, ಬಿಂದಿಗೆಯಷ್ಟು ದೊಡ್ಡ ಉಪ್ಪಿನಕಾಯಿ ಜಾಡಿ, ಹೋಟೆಲಿನವರು ಒಯ್ಯುವ ಇಡ್ಲಿ ತಟ್ಟೆಗಳು, ಇವನ್ನೆಲ್ಲ ನೋಡುತ್ತ ಸುತ್ತುವುದರಲ್ಲಿ ಸಂತೆ ಸುತ್ತುವ ಸುಖವೇ ಇದೆ. ಮನೆಯಲ್ಲಿ ಕಣಜ ತುಂಬಿದೆ ಎನ್ನುವ ನೆಮ್ಮದಿ ನಮ್ಮವರಿಗೆ ಹೊಸದಲ್ಲ. ನೆಲದಡಿಯ ಹಗೇವಿನಲ್ಲಿ ವರ್ಷಗಟ್ಟಲೆ ರಾಗಿ ಇಟ್ಟ ಸೀಮೆ ಇದು. ಕಿರಿಕಿರಿಯೂ ಅಷ್ಟೇ ಇದೆ. ತಿಂಗಳ ಮೊದಲ ವಾರ ಕ್ಯೂ ಹನುಮಂತನ ಬಾಲ. ಬೇಕಾದ ಬ್ರಾಂಡಿನ ಬೇಕಾದ ಸೈಜು ಇರುವುದಿಲ್ಲ. ಬಾಗಿಲಲ್ಲಿ ಬಿಲ್ಲು ಹಿಡಿದವನು ಮೂಟೆ ಎಣಿಸುವಾಗ, ಏನೂ ಕದಿಯದಿದ್ದರೂ ಕಳ್ಳರಂತೆ ನಿಲ್ಲಬೇಕು.

ಬೆಲೆಚೀಟಿ ಓದುವುದು ಒಂದು ವಿದ್ಯೆ. ಸಗಟು ಅಂಗಡಿಯ ಚೀಟಿಯಲ್ಲಿ ತೆರಿಗೆ ಬಿಟ್ಟ ಬೆಲೆ, ತೆರಿಗೆ ಸೇರಿದ ಬೆಲೆ ಎರಡೂ ಇರಬಹುದು. ನಿಮ್ಮ ಜೇಬಿಗೆ ಸಂಬಂಧಪಟ್ಟದ್ದು ದೊಡ್ಡ ಅಂಕಿ. ಒಂದು ತಗೊಂಡರೆ ಒಂದು ರೇಟು, ಮೂರಕ್ಕೆ ಇನ್ನೊಂದು, ಪೂರ್ತಿ ಕಾರ್ಟನ್ನಿಗೆ ಮತ್ತೊಂದು ಎಂದೂ ಇರುತ್ತದೆ. ಕಣ್ಣಿಗೆ ಬೀಳುವುದು ಕಾರ್ಟನ್ನಿನ ರೇಟು, ಬಿಲ್ಲಿಗೆ ಬೀಳುವುದು ಒಂದರ ರೇಟು. ಪೊಟ್ಟಣದ ಮೇಲೆ ಈಗ ಯೂನಿಟ್ ಬೆಲೆ ಮುದ್ರಿಸಬೇಕೆಂಬ ನಿಯಮವಿದೆ, ಒಳ್ಳೆಯದೇ. ಆದರೆ 1 ಕೆಜಿಗಿಂತ ಕಡಿಮೆ ಇದ್ದರೆ ಗ್ರಾಂ ಲೆಕ್ಕ, ಹೆಚ್ಚಿದ್ದರೆ ಕೆಜಿ ಲೆಕ್ಕ. 500 ಗ್ರಾಂ ಪೊಟ್ಟಣದ ಮೇಲೆ 0.24 ಅಂತಲೂ 2 ಕೆಜಿಯದರ ಮೇಲೆ 236 ಅಂತಲೂ ಇದ್ದರೆ, ಮೊದಲನೆಯದನ್ನು ಸಾವಿರದಿಂದ ಗುಣಿಸಿ 240 ಮಾಡಿಕೊಂಡೇ ಹೋಲಿಸಬೇಕು. ಅದೂ ಎಂಆರ್‌ಪಿ ಮೇಲಿನ ಲೆಕ್ಕ. ಅಂಗಡಿಯವನು ಎಂಆರ್‌ಪಿಗಿಂತ ಇಳಿಸಿ ಮಾರುತ್ತಿದ್ದರೆ ಮೊಬೈಲು ತೆಗೆದು ನೀವೇ ಭಾಗಿಸಿ ನೋಡುವುದೇ ಸರಿ. ದೊಡ್ಡದೇ ಅಗ್ಗ ಎಂದೂ ಇಲ್ಲ. ಶಾಂಪೂ ಒಂದನ್ನೇ ನೋಡಿ: ಮಿಲಿಲೀಟರ್ ಲೆಕ್ಕ ಹಾಕಿದರೆ ಎಷ್ಟೋ ಸಲ ಬಾಟಲಿಗಿಂತ ಸ್ಯಾಶೆಯ ಮಾಲೆಯೇ ಅಗ್ಗ ಬೀಳುತ್ತದೆ.

ಅಕ್ಕಿಗೆ ಬೆಂಗಳೂರು ಯಾಕೆ ಬೇಕು? ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಅಕ್ಕಿ ಮಂಡಿಗಳಿವೆ, ಕಾರ್ಡು ಕೇಳುವವರಿಲ್ಲ. ಅಲ್ಲಿ 26 ಕೆಜಿ ಚೀಲ ಕಂಡು, ಇದೇನು ಲೆಕ್ಕ ಎಂದು ಹಲವರು ತಲೆ ಕೆರೆದುಕೊಳ್ಳುತ್ತಾರೆ. 2022ರ ಜುಲೈ 18ರಿಂದ 25 ಕೆಜಿವರೆಗಿನ, ಲೇಬಲ್ ಹಾಕಿ ಪ್ಯಾಕ್ ಮಾಡಿದ ಅಕ್ಕಿ, ಬೇಳೆ, ಹಿಟ್ಟಿಗೆ ಶೇ. 5 ಜಿಎಸ್‌ಟಿ ಬಂತು. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಮಿಲ್ಲಿನವರು ಒಂದು ಕೆಜಿ ಹೆಚ್ಚು ತುಂಬಿದರು, ಅಷ್ಟೇ. ಕೆಜಿಗೆ 56 ರೂಪಾಯಿ ಅಂತ ಇಟ್ಟುಕೊಳ್ಳಿ. 25 ಕೆಜಿಗೆ 1,400, ತೆರಿಗೆ ಸೇರಿ 1,470. 26 ಕೆಜಿಗೆ ತೆರಿಗೆಯಿಲ್ಲದೆ 1,456. ಒಂದು ಕೆಜಿ ಜಾಸ್ತಿ, 14 ರೂಪಾಯಿ ಕಮ್ಮಿ. ಮಂಡಿಯಲ್ಲಿ "ಹಳೇ ಅಕ್ಕಿನಾ ಹೊಸದಾ, ಸ್ಟೀಮಾ ರಾ ನಾ" ಎಂದು ಕೇಳಿಯೇ ತಗೊಳ್ಳಿ. ಹೊಸ ಅಕ್ಕಿ ಅನ್ನ ಮುದ್ದೆಯಾಗುತ್ತದೆ, ಒದಗುವುದೂ ಕಮ್ಮಿ. ಅನುಮಾನವಿದ್ದರೆ ಕಾಲು ಕೆಜಿ ತಂದು ಬೇಯಿಸಿ ನೋಡಿ, ಆಮೇಲೆ ಚೀಲ.

ಎಣ್ಣೆ ಡಬ್ಬದಲ್ಲಿ ಮೋಸ ಹೋಗುವವರೇ ಹೆಚ್ಚು, ಮೋಸ ಮಾಡಿದವರು ಯಾರೂ ಇಲ್ಲದೆ. ಕಪಾಟಿನಲ್ಲಿ ಒಂದೇ ಎತ್ತರದ ಎರಡು ಟಿನ್ನು. ಒಂದರ ಮೇಲೆ 15 ಲೀಟರ್, ಇನ್ನೊಂದರ ಮೇಲೆ 15 ಕೆಜಿ. ಅಡುಗೆ ಎಣ್ಣೆ ಲೀಟರಿಗೆ ಸುಮಾರು 910 ಗ್ರಾಂ ತೂಗುತ್ತದೆ. ಅಂದರೆ 15 ಲೀಟರ್ ಎಣ್ಣೆ 13.65 ಕೆಜಿ ಮಾತ್ರ. 15 ಕೆಜಿ ಎಣ್ಣೆ ಹದಿನಾರೂವರೆ ಲೀಟರ್ ಹತ್ತಿರ. ಮೊದಲನೆಯದಕ್ಕೆ 2,100, ಎರಡನೆಯದಕ್ಕೆ 2,250 ಬರೆದಿದ್ದರೆ ಕೈ ಹೋಗುವುದು ಮೊದಲನೆಯದಕ್ಕೆ. ಕೆಜಿ ಲೆಕ್ಕ ಹಾಕಿ: ಮೊದಲನೆಯದು 153 ರೂಪಾಯಿ ಚಿಲ್ಲರೆ, ಎರಡನೆಯದು ಸರಿಯಾಗಿ 150. ಪ್ಯಾಕೆಟ್ಟಿನಲ್ಲೂ ಅದೇ ಕತೆ. ನೋಡೋಕೆ ಲೀಟರ್ ಪ್ಯಾಕೆಟ್, ಒಳಗೆ 850 ಗ್ರಾಂ.

ಇನ್ನು ಮನೆಗೆ ಬಂದ ಮೇಲಿನ ವಿಚಾರ. ಅರಸೀಕೆರೆಯ ಒಣ ಹವೆಯಲ್ಲಿ ಆರು ತಿಂಗಳು ಇರುವ ಸಾಮಾನು ಸಕಲೇಶಪುರ, ಮೂಡಿಗೆರೆ ಮಳೆಯಲ್ಲಿ ಆರು ವಾರ ಇರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಲೆನಾಡಿನ ಮನೆಗೆ ಮೂಟೆ ತರುವವರು ಹುಳುಗಳಿಗೆ ಊಟ ಹಾಕುತ್ತಿದ್ದಾರೆ ಅಂತಲೇ ಲೆಕ್ಕ. ಅಕ್ಕಿಯ ಮೂತಿಹುಳ ಕಾಳು ಕೊರೆದು ಒಳಗೇ ಮೊಟ್ಟೆಯಿಡುತ್ತದೆ. ತಂದ ದಿನ ಮೊರದಲ್ಲಿ ಹಾಕಿ ನೋಡಿದರೆ ಕಾಣುವುದಿಲ್ಲ, ತಿಂಗಳ ಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಹರಿದಾಡುತ್ತದೆ. ಡಬ್ಬ ಗಟ್ಟಿ ಮುಚ್ಚಿದ್ದರೂ ಬಂತಲ್ಲ ಎಂದು ಆಶ್ಚರ್ಯಪಡಬೇಕಿಲ್ಲ, ಅದು ಚೀಲದ ಜೊತೆಗೇ ಬಂದದ್ದು. ಹುಳ ಬಿದ್ದ ಅಕ್ಕಿಯನ್ನು ಸುಡುಬಿಸಿಲಿಗೆ ಹರಡಬೇಡಿ, ಕಾಳು ಬಿರಿದು ಅರ್ಧ ನುಚ್ಚಾಗುತ್ತದೆ. ನೆರಳಲ್ಲಿ ಗಾಳಿಗೆ ಹರಡಿ, ಮೊರದಲ್ಲಿ ಕೇರಿ, ಜರಡಿ ಹಿಡಿಯಿರಿ. ಚೀಲವನ್ನು ನೆಲದ ಮೇಲೆ ಇಡಬಾರದು, ಗೋಡೆಗೆ ಒರಗಿಸಬಾರದು. ಕೆಳಗೆ ಹಲಗೆ, ಗೋಡೆಯಿಂದ ಒಂದು ಗೇಣು ದೂರ. ಗೋದಾಮಿನವರು ಬಳಸುವ ಗುಳಿಗೆ ಒಂದು ಇಟ್ಟರೆ ಸಾಕು ಎಂದು ಯಾರಾದರೂ ಹೇಳಿದರೆ ಖಂಡಿತ ಕೇಳಬೇಡಿ. ಅದು ಅಲ್ಯೂಮಿನಿಯಂ ಫಾಸ್ಫೈಡ್. ತೇವಕ್ಕೆ ವಿಷದ ಗಾಳಿ ಬಿಡುತ್ತದೆ, ಮುಚ್ಚಿದ ಮನೆಯಲ್ಲಿ ಜೀವ ತೆಗೆಯುತ್ತದೆ.

ತೊಗರಿಬೇಳೆಗೆ ಹರಳೆಣ್ಣೆಯ ಹಳೆ ಉಪಾಯವೇ ಒಳ್ಳೆಯದು: ಕೆಜಿಗೆ ಒಂದು ಟೀ ಚಮಚ, ಕೈಯಲ್ಲಿ ಎಲ್ಲ ಕಾಳಿಗೂ ಹತ್ತುವಂತೆ ಸವರಿ, ಒಣಗಿದ ಡಬ್ಬಕ್ಕೆ ತುಂಬಿ. ಬೇಯಿಸುವ ಮುಂಚೆ ಬಿಸಿನೀರಲ್ಲಿ ತೊಳೆದರೆ ಹೋಗುತ್ತದೆ. ರವೆ, ಮೈದಾ ಬಲೆ ಕಟ್ಟುವ ಸಾಮಾನು, 2 ಕೆಜಿ ಮೀರಬೇಡಿ. ಆಸೆಗೆ ತಂದುಬಿಟ್ಟಿದ್ದರೆ ರವೆಯನ್ನು ಹುರಿದು ಆರಿಸಿಡಿ, ಇಲ್ಲವೇ ಕವರಿನಲ್ಲಿ ಕಟ್ಟಿ ನಾಲ್ಕು ದಿನ ಫ್ರೀಜರಿನಲ್ಲಿಟ್ಟು ತೆಗೆಯಿರಿ. ಹೊರಗೆ ತೆಗೆದಾಗ ತಣ್ಣಗೆ ಇರುವಂತೆಯೇ ಕವರು ಬಿಚ್ಚಿದರೆ ನೀರು ಕೂತು ಗಂಟಾಗುತ್ತದೆ. ಹೊರಗಿನ ಹದಕ್ಕೆ ಬರುವತನಕ ಕಾಯಿರಿ. ಬೆಲ್ಲ ಮಳೆಗಾಲದಲ್ಲಿ ನೀರೊಡೆಯುತ್ತದೆ, ಅದಕ್ಕೆ ಮದ್ದಿಲ್ಲ. ರಾಗಿಯನ್ನು ಕ್ವಿಂಟಲ್ ಬೇಕಾದರೂ ತನ್ನಿ, ಚೆನ್ನಾಗಿ ಒಣಗಿದ್ದರೆ ಅದು ಕೆಡುವ ಕಾಳಲ್ಲ. ಆದರೆ ಹಿಟ್ಟು ಮಾಡಿಸುವುದು 5 ಕೆಜಿಯಂತೆ ಮಾತ್ರ. ತಿಂಗಳು ದಾಟಿದ ಹಿಟ್ಟಿನ ಮುದ್ದೆ ಗಂಟಲಲ್ಲಿ ಕಹಿ ಬಿಡುತ್ತದೆ.

ಇನ್ನು ಕಾಫಿಪುಡಿ. ಚಿಕ್ಕಮಗಳೂರಿನಲ್ಲಿದ್ದುಕೊಂಡು 2 ಕೆಜಿ ಕಾಫಿಪುಡಿಯ ಪ್ಯಾಕು ತರುವವರಿಗೆ ಏನು ಹೇಳುವುದೋ ತಿಳಿಯದು. ಪುಡಿಯಾದ ಕಾಫಿಯ ಘಮ ಎರಡು ವಾರಕ್ಕೆ ಇಳಿಯುತ್ತದೆ. ಚಿಕೋರಿ ಇದ್ದರೆ ಗಾಳಿಯ ತೇವ ಹೀರಿ ಪುಡಿ ಗಡ್ಡೆ ಕಟ್ಟುತ್ತದೆ, ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯದೆ ನಿಲ್ಲುತ್ತದೆ. ಅಗ್ಗದ ದೊಡ್ಡ ಪ್ಯಾಕಿನ ಹಿಂದೆ ಸಣ್ಣ ಅಕ್ಷರ ಓದಿ: ಚಿಕೋರಿಯನ್ನು 49 ಪರ್ಸೆಂಟಿನವರೆಗೂ ಬೆರೆಸಲು ಕಾನೂನು ಬಿಡುತ್ತದೆ. ಕಾಲು ಕೆಜಿ ಕಣ್ಣೆದುರೇ ಬೀಸಿಕೊಡುವ ಅಂಗಡಿ ಬೀದಿಯಲ್ಲೇ ಇರುವಾಗ ಇದು ಬೇಕಾ?

ನಾಲ್ಕು ಜನರ ಮನೆಗೆ ದಿನಕ್ಕೆ ಅರ್ಧ ಕೆಜಿ ಅಕ್ಕಿ ಅಂದರೂ 26 ಕೆಜಿ ಚೀಲ ಎರಡು ತಿಂಗಳ ಒಳಗೆ ಮುಗಿಯುತ್ತದೆ, ಸರಿ. ತಿಂಗಳಿಗೆ 3 ಲೀಟರ್ ಎಣ್ಣೆ ಬಳಸುವ ಮನೆಗೆ ಟಿನ್ನು ಐದು ತಿಂಗಳಿಗೂ ಮೀರಿ ಬರುತ್ತದೆ, ಅಷ್ಟರಲ್ಲಿ ಎಣ್ಣೆ ಜಿಡ್ಡು ವಾಸನೆ ಹಿಡಿದಿರುತ್ತದೆ. ಅದಕ್ಕೆ ಮೂರು ಮನೆಯವರು ಸೇರಿ ಒಂದು ಟಿನ್ನು ತರುವುದೇ ಸರಿಯಾದ ದಾರಿ. ಲೀಟರ್ ಮಗ್ಗಿನಲ್ಲಿ ಅಳೆದರೆ ಜಗಳ ಬರುತ್ತದೆ, ತೂಕದ ಯಂತ್ರ ಇಟ್ಟು ಮನೆಗೆ 5 ಕೆಜಿ ಹಂಚಿ. ಕ್ಯಾನು ಒಣಗಿರಬೇಕು, ಹಳೇ ಎಣ್ಣೆಯ ಪಸೆ ಇರಬಾರದು. ಒಂದು ತೊಟ್ಟು ಹಳೇ ಎಣ್ಣೆ ಹೊಸದನ್ನೂ ಬೇಗ ಕೆಡಿಸುತ್ತದೆ. ಟಿನ್ನಿಗೆ ಒಂದೇ ತೂತು ಮಾಡಿ ಬಗ್ಗಿಸಿದರೆ ಎಣ್ಣೆ ಗುಳುಗುಳು ಎಂದು ಉಕ್ಕಿ ನೆಲಕ್ಕೆ ಚೆಲ್ಲುತ್ತದೆ. ಎದುರು ಮೂಲೆಯಲ್ಲಿ ಗಾಳಿಗೆಂದು ಮೊಳೆಯಿಂದ ಇನ್ನೊಂದು ಸಣ್ಣ ತೂತು ಹೊಡೆಯಿರಿ, ದಾರದಂತೆ ಇಳಿಯುತ್ತದೆ. ಕೊನೆಗೆ ಟಿನ್ನನ್ನು ಕ್ಯಾನಿನ ಮೇಲೆ ಆಲಿಕೆ ಇಟ್ಟು ಅರ್ಧ ಗಂಟೆ ಬೋರಲು ನಿಲ್ಲಿಸಿದರೆ ತಳದ್ದೂ ಬರುತ್ತದೆ.

ಖಾಲಿ ಟಿನ್ನು ಯಾರಿಗೆ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಮೇಲಿನ ತಗಡು ಕತ್ತರಿಸಿ ಅಂಚು ಮಡಿಸಿ, ಸೀಗೆಪುಡಿ ಹಾಕಿ ಬಿಸಿನೀರಲ್ಲಿ ತಿಕ್ಕಿ, ಎರಡು ದಿನ ಬಿಸಿಲಿಗೆ ಬೋರಲು ಹಾಕಿ, ಮುಚ್ಚಳ ಮಾಡಿಸಿಕೊಂಡರೆ ಅದರಲ್ಲಿ 12 ಕೆಜಿ ರಾಗಿ ಹಿಡಿಯುತ್ತದೆ, ಇಲಿಗೆ ಹಲ್ಲು ಹಾಕಲಾಗುವುದಿಲ್ಲ.